ಎತ್ತಿನ ಹಿಂದೆ ಮಲಗಿದ ಯೇಸು

ನಮ್ಮ ಕಾಕಾನಿಗೆ ಹಬ್ಬ ಮಾಡಲು ದೇವರು ಬೇಕಿಲ್ಲ, ಮೊಳೆ ಹೊಡೆಯಲು ಒಂದು ಗೋಡೆ ಸಿಕ್ಕರೆ ಸಾಕು! ಯಾವ ಹಬ್ಬ, ಯಾರ ಹಬ್ಬ ಎಂದು ಆಮೇಲೆ ಕೇಳುತ್ತಾನೆ. ಮೊದಲು ಹಗ್ಗ ಬಿಚ್ಚುತ್ತಾನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮದುವೆಯಾಗಿಲ್ಲ. ಮುದ್ದೇಬಿಹಾಳದಲ್ಲಿ ಎತ್ತಿನ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಗೆಜ್ಜೆ, ಗೊಂಡೆ, ಹಗ್ಗ, ಕೋಡಿನ ತುದಿಗೆ ಹಾಕುವ ಹಿತ್ತಾಳೆ ಕೋಡಣಸು. ಈಗ ಎಲ್ಲರ ಮನೆ ಮುಂದೆಯೂ ಟ್ರ್ಯಾಕ್ಟರ್. ಕಾಕಾ ಬಿಡುತ್ತಾನೆಯೇ? ಟ್ರ್ಯಾಕ್ಟರಿಗೂ ಗೊಂಡೆ ಮಾರುತ್ತಾನೆ. ಕೇಳಿದರೆ, "ಅದಕ್ಕೂ ಹೊಟ್ಟಿ ಐತಿ, ಒದರತೈತಿ, ಹೊಲಾ ಉಳತೈತಿ. ದನಾ ಅಲ್ದ ಮತ್ತೇನಲೇ?" ಎನ್ನುತ್ತಾನೆ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಟಂಟಂ ಆಟೋ ಓಡಿಸುತ್ತೇನೆ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನಾನು ಮದುವೆಯಾದದ್ದು ಸಿಂದಗಿ ಕಡೆಯ ಕ್ರಿಶ್ಚಿಯನ್ ಹುಡುಗಿಯನ್ನು. ಗೊಳಸಂಗಿಯ ನಮ್ಮ ಮನೆಯವರು ಬಾಗಿಲು ಹಾಕಿಕೊಂಡರು. ಅವಳ ಮನೆಯವರೂ ಹಾಕಿಕೊಂಡರು. ಅದೊಂದರಲ್ಲಿ ಎರಡೂ ಮನೆಯವರಿಗೆ ಒಮ್ಮತ! ಶ್ರಾವಣದಲ್ಲಿ ಮಗಳು ಹುಟ್ಟಿದಾಗ ಮುದ್ದೇಬಿಹಾಳದ ನಮ್ಮ ಬಾಡಿಗೆ ಮನೆಗೆ ತೊಟ್ಟಿಲು ತೂಗಲು ಬಂದವನು ಕಾಕಾ ಒಬ್ಬನೇ. ತೊಟ್ಟಿಲಿಗೂ ಎತ್ತಿನ ಗೆಜ್ಜೆ ಕಟ್ಟಿದ. ಕೂಸು ಮಗ್ಗಲು ಬದಲಿಸಿದರೆ ಇಡೀ ಓಣಿಗೆ ಎಚ್ಚರ!

ಡಿಸೆಂಬರ್ ಬಂತು. ಕಾಕಾ ಬಂದು ಹೊಸ್ತಿಲ ಮೇಲೆ ಕೂತ.

"ಕೂಸಿನ ಮೊದಲನೇ ಕ್ರಿಸ್‌ಮಸ್ಸು. ನಿಮ್ಮ ಕಡಿ ಪದ್ಧತಿ ಏನೇನ ಅದಾವ, ಹೇಳವ್ವಾ. ಕೂಸಿಗೆ ಈಗಿಂದನ ರೂಢಿ ಮಾಡೂಣು."

ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು. "ನಕ್ಷತ್ರ ಕಟ್ತಿದ್ವಿರಿ. ಗೋದಲಿ ಮಾಡ್ತಿದ್ವಿ. ಊಟಕ್ಕ ಮೊದ್ಲ ಮನಿ ಮಂದಿ ಎಲ್ಲಾ ಒಬ್ಬೊಬ್ಬರಾಗಿ ಬಂದು ಮನ್ಯಾಗಿನ ಹೊಸಾ ಕೂಸಿನ ತಲಿ ಮ್ಯಾಲ ಕೈ ಇಟ್ಟು ಹರಸ್ತಿದ್ರು..." ಅಷ್ಟಕ್ಕೆ ನಿಲ್ಲಿಸಿದಳು. ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಕಾಕಾ ಮಾತು ಬೇರೆ ಕಡೆ ಎಳೆದ. "ಗ್ವಾದಲಿ ಅಂದ್ರ ದನಕ್ಕ ಮೇವು ಹಾಕೂ ಜಾಗಾ ಅಲ್ಲೇನು? ನಿಮ್ಮ ದೇವ್ರು ಅಲ್ಲಿ ಹುಟ್ಯಾನ?"

"ಹೌದ್ರಿ ಕಾಕಾರ."

"ಮತ್ತ ಮೊದ್ಲ ಹೇಳಬಾರ್ದ! ಅಂವ ನಮ್ಮ ಗಿರಾಕಿ!"

ಅಲ್ಲಿಂದ ಶುರುವಾಯಿತು ನೋಡಿ. ದೀಪಾವಳಿಗೆ ಕಟ್ಟಿದ್ದ ಆಕಾಶಬುಟ್ಟಿಯನ್ನು ಬಿಚ್ಚಿ, ಬಿದಿರುಕಡ್ಡಿ ಕಟ್ಟಿ ನಕ್ಷತ್ರ ಮಾಡಿದ. ಐದು ಮೂಲೆ ಇರಬೇಕು ಎಂದರೆ ಏಳು ಮಾಡಿದ್ದ.

"ಎರಡ ಹೆಚ್ಚಿಗಿ ಯಾಕ ಕಾಕಾ?"

"ಒಂದು ಗೊಳಸಂಗಿ ಕಡಿ, ಒಂದು ಸಿಂದಗಿ ಕಡಿ. ಬರೂ ಮಂದಿಗೆ ದಾರಿ ತಪ್ಪಬಾರ್ದಲೇ!"

ಎದುರು ಮನೆಯ ಅವ್ವ, "ದೀಪಾವಳಿ ಇನ್ನೂ ಮುಗದಿಲ್ಲೇನ್ರಿ ನಿಮ್ದು?" ಎಂದಳು.

"ಮುಗದೈತ್ರಿ. ದೀಪಾ ಆರಾಕ ಒಲ್ಲೆ ಅನ್ನಾಕತ್ತೈತಿ!" ಎಂದ ಕಾಕಾ.

ಇನ್ನು ಗೋದಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೆ ಕೆರೆಮಣ್ಣು ತಂದು ಜೋಡೆತ್ತು ಮಾಡಿದ. ಏನು ಎತ್ತು ಅಂತೀರಿ! ಹೆಗಲ ಮೇಲೆ ಇಣಿಯ ಡುಬ್ಬ, ಬೆನ್ನಿಗೆ ಜೂಲಿನ ಬಟ್ಟೆ, ಕೋಡಿಗೆ ಕೋಡಣಸು, ಕೊರಳಿಗೆ ಗಂಟೆ. ಮುಂದೆ ನಿಜವಾದ ಕಣಿಕೆ ಮೇವು. ಮಣ್ಣಿನ ಮರಿಯಮ್ಮ, ಜೋಸೆಫ್ ಇಬ್ಬರೂ ನಿಲ್ಲಲು ಜಾಗವಿಲ್ಲದೆ ಕಿಟಕಿಯಲ್ಲಿ ನಿಂತರು.

ಹೆಂಡತಿ ಬಗ್ಗಿ ನೋಡಿದಳು. "ಕಾಕಾರ, ಯೇಸು ಎಲ್ಲದಾನ್ರಿ?"

"ಎತ್ತಿನ ಹಿಂದ ಮಲಗ್ಯಾನವ್ವಾ. ಎತ್ತು ಸರದ್ರ ಕಾಣ್ತಾನ."

ಅವಳು ನಕ್ಕಳು. ಹೆರಿಗೆಯಾದ ಮೇಲೆ ಅಷ್ಟು ನಕ್ಕದ್ದು ಅವತ್ತೇ.

ಉಳಿದದ್ದು ಹರಸುವ ಮಂದಿ. ಅದನ್ನು ಮಣ್ಣಿನಲ್ಲಿ ಮಾಡಲಾಗುತ್ತದೆಯೇ? ಕಾಕಾ ತನ್ನ ಹಳೆಯ ಮೊಪೆಡ್ ಹತ್ತಿ ಒಂದು ದಿನ ಗೊಳಸಂಗಿಗೆ, ಇನ್ನೊಂದು ದಿನ ಸಿಂದಗಿಗೆ ಹೋಗಿ ಬಂದ.

"ಏನಂದ್ರು?"

"ಚಾ ಕೊಟ್ರು."

"ಬರ್ತಾರೇನು?"

"ಚಾಕ್ಕ ಸಕ್ರಿ ಭಾಳ ಹಾಕಿದ್ರಲೇ," ಎಂದು ನಕ್ಷತ್ರದ ದಾರ ಬಿಗಿ ಮಾಡಲು ಹೋದ.

ಹಬ್ಬದ ದಿನ ಪ್ರಾರ್ಥನೆ ಮುಗಿಸಿ ಬಂದೆವು. ಕಾಕಾ ಗೋಧಿ ಹುಗ್ಗಿ ಮಾಡಿಟ್ಟಿದ್ದ, ಮದುವೆ ಮನೆಗೆ ಆಗುವಷ್ಟು. ಊಟದ ಗಂಗಾಳಗಳನ್ನು ಸಾಲಾಗಿ ಹಾಕಿದ್ದ. ಯಾರೂ ಬರಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ಹೆಂಡತಿ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ. ಹುಗ್ಗಿ ಕೆನೆಗಟ್ಟಿತು.

ಆಗ ಕಾಕಾ ಎದ್ದು ಒಂದು ಚೀಲ ಹಿಡಿದು ಹೊರಗೆ ಹೋದ. ಬಾಗಿಲು ಬಡಿದ ಸದ್ದು.

ತೆಗೆದರೆ, ತಲೆಗೆ ರುಮಾಲು ಸುತ್ತಿ ನಮ್ಮಪ್ಪನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತ ಕಾಕಾ ನಿಂತಿದ್ದ! "ಸರೀಲೇ, ದಾರಿ ಬಿಡು. ಎಲ್ಲೈತಿ ನನ್ನ ಮೊಮ್ಮಗಳು?" ತೊಟ್ಟಿಲ ಹತ್ತಿರ ಹೋಗಿ ತಲೆಯ ಮೇಲೆ ಕೈ ಇಟ್ಟು, "ನಿಮ್ಮಪ್ಪನಂಗ ಸಾಲಿ ಬಿಡಬ್ಯಾಡ," ಎಂದ. ಹೊರಗೆ ಹೋದ.

ಮತ್ತೆ ಬಾಗಿಲು ಸದ್ದು. ಈಗ ತಲೆಯ ಮೇಲೆ ಸೆರಗಿನ ಹಾಗೆ ಶಾಲು. ನನ್ನ ಅಕ್ಕ! "ಹೆಸರಿಡೂ ದಿನಾ ಸ್ವಾದರತ್ತಿ ಬೆನ್ನಿಗೆ ಗುದ್ದೂ ಪದ್ಧತಿ ಬಾಕಿ ಉಳದೈತಿ. ಗುದ್ದ್ರಿ!" ಎಂದು ಬಗ್ಗಿದ. ಹೆಂಡತಿ ಗುದ್ದಿದಳು. ಜೋರಾಗಿಯೇ ಗುದ್ದಿದಳು. ಯಾರ ಮೇಲಿನ ಸಿಟ್ಟೋ!

ಮೂರನೇ ಸಲ ಟೊಪ್ಪಿಗೆ ಹಾಕಿಕೊಂಡು ಬಂದ. "ನಾ ಸಿಂದಗಿ ಅಜ್ಜ. ಬಸ್ಸು ಲೇಟಾತು." ಹೆಂಡತಿಯ ನಗು ನಡುವೆಯೇ ಮುರಿಯಿತು. ಅವಳ ಅಪ್ಪ ಮಾತಿನ ಮೊದಲು ಹೇಳುವ "ಏನಪಾ ಅಂದ್ರ" ಎಂಬುದನ್ನೂ ಕಾಕಾ ಕಲಿತು ಬಂದಿದ್ದ. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಅಷ್ಟು ನೋಡಿಕೊಂಡಿದ್ದ.

ನನಗೆ ಆಗ ಹೊಳೆಯಿತು. ರುಮಾಲು, ಶಾಲು, ಟೊಪ್ಪಿಗೆ ಎಲ್ಲ ಆ ಚೀಲದಲ್ಲಿ ಮೊದಲೇ ಇದ್ದವು. ಯಾರೂ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಷತ್ರದ ಆ ಎರಡು ಹೆಚ್ಚಿನ ಮೂಲೆಗಳನ್ನು ಉಳಿಸಿಕೊಂಡಿದ್ದ.

ಕಾಕಾ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ಎಲ್ಲಾರೂ ಬಂದು ಹ್ವಾದ್ರಪಾ. ನೀಡವ್ವಾ, ಹುಗ್ಗಿ ಆರತೈತಿ."

ಹೆಂಡತಿ ಸೌಟು ಮುಟ್ಟಲಿಲ್ಲ. "ಇನ್ನೊಬ್ರು ಬರೂದೈತ್ರಿ."

"ಯಾರು?"

"ಕೂಸಿನ ಕಾಕಾ ಅಜ್ಜ."

ಗೊಳಸಂಗಿಯ ಮನೆಯಲ್ಲಿ ಯಾವ ಕಾರ್ಯವಾದರೂ ಹರಸಲು ಗಂಡ ಹೆಂಡತಿ ಜೋಡಿಗಳನ್ನೇ ಕರೆಯುತ್ತಿದ್ದರು. ಆ ಹೊತ್ತಿಗೆ ಕಾಕಾ ಪೆಂಡಾಲಿನ ಹಿಂದೆ ಹಗ್ಗ ಬಿಗಿ ಮಾಡುತ್ತಿರುತ್ತಿದ್ದ. ಅವನು ಅವನಾಗಿಯೇ ಯಾರ ತಲೆಯ ಮೇಲೂ ಕೈ ಇಟ್ಟದ್ದನ್ನು ನಾನು ನೋಡಿರಲಿಲ್ಲ.

ಕಾಕಾ ಟೊಪ್ಪಿಗೆ ಕೆಳಗಿಟ್ಟ. ಚೀಲದೊಳಗೆ ನೋಡಿದ. ಅದರಲ್ಲಿ ಅವನಿಗೆ ಹಾಕಿಕೊಳ್ಳಲು ಏನೂ ಇರಲಿಲ್ಲ.

"ನಾನೂ ಬರಬೇಕೇನವ್ವಾ?" ಎಂದ.

ಹೊರಗೆ ಹೋದ. ಬಾಗಿಲು ಎಳೆದುಕೊಂಡ. ಬಹಳ ಹೊತ್ತಿನ ಮೇಲೆ, ಮೆಲ್ಲಗೆ, ಬೇರೆಯವರ ಮನೆಯ ಬಾಗಿಲು ಬಡಿದ ಹಾಗೆ ಬಡಿದ.