ಹುಳುಮನೆಯ ರಾಜ್ಯಭಾರ

ಆಳುವವರು ಅಧಿಕಾರ ಉಳಿಸಿಕೊಳ್ಳುವುದು ಬಲದಿಂದಲೋ, ನಂಬಿಕೆಯಿಂದಲೋ ಎಂಬ ಘನವಾದ ಪ್ರಶ್ನೆಯನ್ನು ತುರ್ತುಪರಿಸ್ಥಿತಿಯ ದಿನಗಳಲ್ಲಿ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಪಿಸುದನಿಯಲ್ಲಿ ಚರ್ಚಿಸುತ್ತಿದ್ದರು. ನಾನು ಬಲದ ಪಕ್ಷ. ಬಡ ಗುಮಾಸ್ತನಾದ ನನಗೆ ಕಚೇರಿಯಲ್ಲಿ ಗದರಲು ಯಾರೂ ಸಿಗದಿದ್ದುದರಿಂದ ಸಿದ್ಧಾಂತವನ್ನು ಮನೆಯಲ್ಲೇ ಜಾರಿಗೆ ತರಬೇಕಾಗಿತ್ತು.

ಆಗ ನಡುಮನೆಯನ್ನು ರೇಷ್ಮೆ ಹುಳುಗಳಿಗೆ ಬಿಟ್ಟುಕೊಟ್ಟು ನಾವೆಲ್ಲ ಜಗುಲಿಯಲ್ಲಿ ಸಂಸಾರ ಹೂಡಿದ್ದೆವು. ಹೊಗೆಸೊಪ್ಪಿನ ವಾಸನೆ ಸೋಕಿದರೆ ಸಾಕು, ಹುಳುಗಳು ಸುರುಟಿಕೊಂಡು ಸಾಯುತ್ತವೆ. ಹೋದ ಸಲ ಬೆಳೆಯೆಲ್ಲ ಹಾಗೆಯೇ ತಿಪ್ಪೆಗೆ ಹೋಗಿತ್ತು. ಈ ಸಲವೂ ಹೋದರೆ ಹುಳುವಿನ ಸಹವಾಸವೇ ಬೇಡ ಎಂದು ಅಮ್ಮ ಹೇಳಿಬಿಟ್ಟಿದ್ದಳು. ಹುಳು ಸಾಕದ ಅಮ್ಮನನ್ನು ಊಹಿಸಿಕೊಳ್ಳಲು ನನ್ನಿಂದಾಗುತ್ತಿರಲಿಲ್ಲ. ಆದರೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ರಾಯಲ್ಪಾಡಿನಿಂದ ಬಂದಿದ್ದ ನನ್ನ ಭಾವಮೈದ ಚಂಗಲರಾಯನ ಬಾಯಲ್ಲಿ ಬೀಡಿ ಆರಿದ್ದನ್ನು ಕಂಡವರಿರಲಿಲ್ಲ.

ನಾನು ಆಜ್ಞೆ ಹೊರಡಿಸಿದೆ: "ಬೀಡಿ ಮುಟ್ಟಿದ್ರೆ ಮನೆಯಿಂದ ಆಚೆ!" ಅವನು ವಿನಯದಿಂದ "ಆಗ್ಲಿ ಬಾವಾ" ಎಂದು ಹಿತ್ತಲಿಗೆ ಹೋದ. ಹಿತ್ತಲಿನಿಂದ ಹೊಗೆ ಎದ್ದಿತು. ಅವನ ಜೇಬು ತಡಕಿದೆ, ಬೀಡಿ ಕಟ್ಟು ಸೂರು ಸೇರಿತು. ಸೂರು ತಡಕಿದೆ, ಕೊಟ್ಟಿಗೆ ಸೇರಿತು. ಸರ್ಕಾರ ಬೆವತುಹೋಯಿತು.

ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಸೆರಗಿನ ಗಂಟಿನಿಂದ ಹುಳುಮನೆಯ ಬೀಗದಕೈ ಬಿಚ್ಚಿ ಅವನ ಕೈಗೇ ಇಟ್ಟಳು. "ಚಂಗಲ್ರಾಯಾ, ಇನ್ಮೇಲೆ ಬಾಗಿಲು ನಿಂದು. ನೀನು ಬಿಟ್ಟೋರೇ ಒಳಕ್ಕೆ. ನಿನ್ನ ನಂಬಿದೀನಿ ಕಣಪ್ಪಾ."

"ಅಮ್ಮಾ, ನಿನಗೇನು ತಲೆ ಕೆಟ್ಟಿದೆಯಾ?" ಎಂದೆ. "ನೀನು ಸುಮ್ನಿರು" ಎಂದಳು.

ಮರುದಿನ ನೋಡಿದರೆ ಆಸಾಮಿ ಬೀಡಿ ಕಟ್ಟನ್ನು ಒಲೆಗೆ ಹಾಕಿ, ತಲೆಗೆ ಎರೆದುಕೊಂಡು, ಬಾಗಿಲಿಗೆ ಅಡ್ಡಲಾಗಿ ಕೂತಿದ್ದಾನೆ! ಸಂಜೆ ಒಳಗೆ ಹೊರಟ ನನ್ನನ್ನು ತಡೆದು, ಮುಖದ ಹತ್ತಿರ ಬಂದು ಮೂಸಿದ.

"ಏಂ ಬಾವಾ, ನಶ್ಯ ಏರಿಸಿದೀರಾ? ಅದೂ ಹೊಗೆಸೊಪ್ಪೇ ತಾನೆ? ಆಚೆ ನಡೀರಿ."

"ಲೇ, ಈ ಮನೆ ಯಜಮಾನ ನಾನು ಕಣೋ!"

"ಅದು ಹುಳುಗೆ ಗೊತ್ತಾ ಬಾವಾ?"

ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ನಾನು ಹೊಸ್ತಿಲು ದಾಟಲಿಲ್ಲ. ಬೆಳೆ ಮಾತ್ರ ಊರೇ ಬಂದು ನೋಡುವ ಹಾಗೆ ಬಂತು. ಗೂಡು ಬಿಡಿಸುತ್ತಿದ್ದ ಅಮ್ಮನ ಪಕ್ಕ ಕೂತು, "ಬೀಗದಕೈ ನನಗೇ ಕೊಡಬಹುದಿತ್ತಲ್ಲ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿದೆ.

ಅಮ್ಮ ತಲೆಯೆತ್ತದೆ, "ಇತ್ತು ಕಣೋ. ಒಬ್ಬರಿಗೆ ಆಗೋವಷ್ಟೇ ಇತ್ತು" ಎಂದಳು.

ಅಂದಿನಿಂದ ನಾನು ನಂಬಿಕೆಯ ಪಕ್ಷ. ಇದನ್ನು ಒಪ್ಪದವರನ್ನು ಮಾತ್ರ ಗದರಿಯೇ ಒಪ್ಪಿಸಬೇಕಾಗುತ್ತದೆ.