ಪ್ಯಾಕಿಂಗ್ ಇಲ್ಲದ ದೀಪಾವಳಿ

"ಈ ಸಲ ದೀಪಾವಳಿಗೆ ನಮ್ಮ ಮನೆಯಿಂದ ಒಂದೇ ಒಂದು ರಟ್ಟಿನ ಪೆಟ್ಟಿಗೆ ಹೊರಗೆ ಹೋಗುದಿಲ್ಲ" ಎಂದು ನಮಿತಾ ಘೋಷಿಸಿದಾಗ ಅವಳ ಗಂಡ ಸುಹಾಸ ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡವನು ಏನು ತಾನೇ ಹೇಳಿಯಾನು? ಸುಮ್ಮನೆ ತಲೆಯಾಡಿಸಿದ. ಮಸೂದೆ ಸರ್ವಾನುಮತದಿಂದ ಅಂಗೀಕಾರವಾಯಿತೆಂದು ನಮಿತಾ ಅಡುಗೆಮನೆಗೆ ನಡೆದಳು.

ನಮಿತಾ ಮಲಾಡಿನ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ವಿನ್ಯಾಸ ಮಾಡುವವಳು. ಸಾಬೂನಿಗೆ ಎಂಥ ಹೊದಿಕೆ ಹೊದಿಸಬೇಕು, ಬಿಸ್ಕತ್ತಿನ ಪೊಟ್ಟಣ ಎಲ್ಲಿ ಹರಿಯಬೇಕು ಎಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡವಳಿಗೆ ಈಚೆಗೆ ಪರಿಸರದ ಗಾಳಿ ತಾಗಿತ್ತು. ಅವಳ ಮೇಜಿನ ಮೇಲೆ ಕಬ್ಬಿನ ಸಿಪ್ಪೆಯ ತಟ್ಟೆ, ಕಡಲ ಪಾಚಿಯಿಂದ ಮಾಡಿದ ಹಾಳೆ, ಮಣ್ಣಿಗೆ ಹಾಕಿದರೆ ತುಳಸಿ ಮೊಳೆಯುವ ಕಾಗದ, ಅಣಬೆಯಿಂದ ಬೆಳೆಸಿದ ಒಂದು ಪೆಟ್ಟಿಗೆ, ಎಲ್ಲವೂ ಸಾಲಾಗಿ ಕೂತಿದ್ದವು. ಆದರೆ ಅವಳ ಮನಸ್ಸು ಸೋತದ್ದು ಇವುಗಳಿಗಲ್ಲ, 'ಮರಳಿ ಬರುವ ಪ್ಯಾಕಿಂಗ್' ಎಂಬ ಹೊಸ ವಿಚಾರಕ್ಕೆ. ಸಾಮಾನಿನ ಜೊತೆ ಗಿರಾಕಿಯ ಮನೆಗೆ ಹೋದ ಡಬ್ಬಿ ಕೆಲಸ ಮುಗಿಸಿ ತಾನಾಗಿ ಹಿಂದೆ ಬರಬೇಕು. ಹಬ್ಬ ಕಳೆದ ಮೇಲಿನ ಸೋಮವಾರ ಇದರ ಬಗ್ಗೆ ಅವಳು ಆಫೀಸಿನಲ್ಲಿ ಭಾಷಣ ಮಾಡುವವಳಿದ್ದಳು. ಜಗತ್ತಿಗೆ ಹೇಳುವ ಮೊದಲು ಘಾಟ್ಕೋಪರಿನ ತನ್ನ ಬಿಲ್ಡಿಂಗಿನಲ್ಲೇ ಪ್ರಯೋಗವಾಗಲಿ ಎಂದು ಅವಳ ಹಂಚಿಕೆ.

ಬಿಲ್ಡಿಂಗಿನಲ್ಲಿ ಇವರನ್ನು ಬಿಟ್ಟು ಇಪ್ಪತ್ತಮೂರು ಮನೆ. ಹೆಚ್ಚಿನವರು ಗುಜರಾತಿಗಳು, ಉಳಿದವರು ಮರಾಠಿಗರು. ಹಬ್ಬ ಬಂತೆಂದರೆ ಮೆಟ್ಟಿಲ ಮೇಲೆಲ್ಲ ಮಿರುಗುವ ಪೆಟ್ಟಿಗೆಗಳ ಓಡಾಟ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ತಟ್ಟೆ, ತಟ್ಟೆಯಲ್ಲಿ ಎಂಟು ಗುಳಿ, ಒಂದೊಂದು ಗುಳಿಯಲ್ಲಿ ನಿಂಬೆಹಣ್ಣಿನಷ್ಟು ಸಿಹಿ. ಬಿಚ್ಚುವಷ್ಟರಲ್ಲಿ ಹಸಿವು ಸತ್ತಿರುತ್ತಿತ್ತು.

ನಮಿತಾ ಎರಡು ರಾತ್ರಿ ಕೂತು ಕಾಯಿ ಬರ್ಫಿ, ಖಾರಕಡ್ಡಿ ಮಾಡಿದಳು. ತುಂಬಿಸಲು ಸ್ಟೀಲಿನ ಡಬ್ಬಿಗಳನ್ನು ಎಣಿಸಿದರೆ ಇಪ್ಪತ್ತೆರಡು. ಒಂದು ಕಡಿಮೆ. ಸ್ಟೂಲು ಹತ್ತಿ ಲಾಫ್ಟಿನಲ್ಲಿ ಕೈಯಾಡಿಸಿದಾಗ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಡಬ್ಬಿ ಸಿಕ್ಕಿತು.

"ಅದು ಅಮ್ಮನದ್ದು ಮಾರಾಯ್ತಿ" ಎಂದ ಸುಹಾಸ. "ಅದೊಂದನ್ನು ಮುಟ್ಟಬೇಡ."

ಅವನು ಹಾಗೆ ಹೇಳಲು ಕಾರಣವಿತ್ತು. ಅವನ ಅಪ್ಪ ಸಯನ್ನಿನ ಹೋಟೆಲೊಂದರಲ್ಲಿ ದುಡಿದ ಮೊದಲ ಸಂಬಳದಲ್ಲಿ ಹೆಂಡತಿಗೆಂದು ತಂದ ಡಬ್ಬಿ ಅದು. ಹೊಟ್ಟೆಯ ಮೇಲೆ 'ಸರಸ್ವತಿ' ಎಂದು ಚುಕ್ಕೆ ಚುಕ್ಕೆಯಾಗಿ ಕನ್ನಡದಲ್ಲಿ ಕೊರೆಸಿದ್ದರು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಸಯನ್ನಿನ ಮನೆಗೆ ಬಣ್ಣ ಹೊಡೆಸುವಾಗ, ಬಣ್ಣದವರು ಅದರಲ್ಲಿ ಸುಣ್ಣ ಕಲಸಿಯಾರು ಎಂಬ ಭಯಕ್ಕೆ ಅತ್ತೆ ಅದನ್ನು ತಾವೇ ಹೊತ್ತು ತಂದು ಸೊಸೆಯ ಕೈಗೆ ಕೊಟ್ಟು ಹೋಗಿದ್ದರು.

"ನಾನೇನು ಅದನ್ನು ದಾನ ಮಾಡ್ತೇನಾ?" ಎಂದಳು ನಮಿತಾ. "ಹೋಗಿ ವಾಪಸು ಬರ್ತದೆ. ಮರಳಿ ಬರುವ ಪ್ಯಾಕಿಂಗ್ ಅಂದ್ರೆ ಅದೇ ಅಲ್ವಾ?"

ಧನತ್ರಯೋದಶಿಯ ಸಂಜೆ ಅವಳು ಮನೆ ಮನೆಗೂ ಹೋಗಿ ಡಬ್ಬಿ ಕೊಟ್ಟು, ಜೊತೆಗೆ ಹಿಂದಿಯಲ್ಲಿ ಪುಟ್ಟದೊಂದು ಉಪನ್ಯಾಸವನ್ನೂ ಕೊಟ್ಟಳು. ರಟ್ಟು ಬೇಡ, ಪ್ಲಾಸ್ಟಿಕ್ ಬೇಡ, ತಿಂದು ಡಬ್ಬಿ ಹಿಂದಿರುಗಿಸಿದರೆ ಭೂಮಿ ಉಳಿಯುತ್ತದೆ ಎಂದಳು. ಎಲ್ಲರೂ ಮೆಚ್ಚಿದರು. ಸೊಸೈಟಿಯ ಸೆಕ್ರೆಟರಿ ಹಿತೇಶ್ ಭಾಯ್ ಅವಳ ಫೋಟೊ ತೆಗೆದು ಬಿಲ್ಡಿಂಗಿನ ಗ್ರೂಪಿಗೆ ಹಾಕಿದರು. ದಿಗ್ವಿಜಯ ಮುಗಿಸಿದ ರಾಣಿಯಂತೆ ನಮಿತಾ ಮನೆಗೆ ಮರಳಿದಳು.

ಜಗತ್ತಿನ ಪ್ಯಾಕಿಂಗ್ ವಿದ್ಯೆಯನ್ನೆಲ್ಲ ಅರೆದು ಕುಡಿದವಳು ಮರೆತದ್ದು ಒಂದೇ ಒಂದು ಮಾತು. ಅದು ಅವಳ ಅಮ್ಮ ಏಳನೆಯ ವಯಸ್ಸಿನಲ್ಲೇ ಕಲಿಸಿದ್ದು. ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಬೇಕು. ಈ ಶಾಸ್ತ್ರ ತಮ್ಮ ಉಡುಪಿಯವರಿಗೆ ಮಾತ್ರ ಸೇರಿದ್ದಲ್ಲ ಎಂಬುದು ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಗೊತ್ತಾಯಿತು.

ಮೊದಲ ಡಬ್ಬಿ ಕರ್ಜಿಕಾಯಿಯಂಥ ಘೂಘ್ರಾ ತುಂಬಿಕೊಂಡು ಬಂತು. ಎರಡನೆಯದು ಶಂಕರಪಾಳಿ. ಮೂರು ಮತ್ತು ನಾಲ್ಕು ಚಿವಡಾ. ಸಂಜೆಯೊಳಗೆ ಹದಿನಾಲ್ಕು ಡಬ್ಬಿ, ಹದಿನಾಲ್ಕೂ ಭರ್ತಿ. ನಮಿತಾಳ ಡಬ್ಬಿ ಚಿಕ್ಕದಾಯಿತೆಂದು ಕೆಲವರು ತಮ್ಮ ದೊಡ್ಡ ಡಬ್ಬಿಯನ್ನೂ ಜೊತೆಗೆ ಕಳಿಸಿದ್ದರು. ಅದನ್ನು ಖಾಲಿ ಹಿಂದಿರುಗಿಸುವುದುಂಟೇ? ಅವಳು ಮತ್ತೆ ಕಾಯಿ ತುರಿಯಲು ಕೂತಳು. ಆ ಬರ್ಫಿಗೆ ಉತ್ತರವಾಗಿ ಕರಿದ ಹಪ್ಪಳದಂಥ ಮಠಿಯಾ ಬಂತು. ಮಠಿಯಾಕ್ಕೆ ಅವಳು ಖಾರಕಡ್ಡಿ ಕಳಿಸಿದಳು. ಖಾರಕಡ್ಡಿಗೆ ಮತ್ತೆ ಘೂಘ್ರಾ ಬಂತು. ಸುಹಾಸ ಬೆಳಿಗ್ಗೆ ಚಹಾದ ಜೊತೆ ಚಿವಡಾ ತಿಂದ, ಮಧ್ಯಾಹ್ನ ಅನ್ನದ ಜೊತೆ ಮಠಿಯಾ ತಿಂದ, ರಾತ್ರಿ ಸೊಂಟದ ಬೆಲ್ಟನ್ನು ಒಂದು ತೂತು ಸಡಿಲಿಸಿದ.

"ನಿನ್ನ ಪ್ಯಾಕಿಂಗ್ ಮರಳಿ ಬರ್ತಾ ಉಂಟು" ಎಂದ. "ನಿಲ್ಲಿಸುದು ಹೇಗೆ ಅಂತ ನಿಮ್ಮ ಆಫೀಸಿನಲ್ಲಿ ಯಾರಿಗಾದ್ರೂ ಗೊತ್ತುಂಟಾ?"

ನಾಲ್ಕನೆಯ ದಿನ ಹಿತೇಶ್ ಭಾಯ್ ಲಿಫ್ಟಿನಲ್ಲಿ ಸಿಕ್ಕಿ ಎರಡೂ ಕೈ ಜೋಡಿಸಿದರು. ತಮ್ಮ ಹೆಂಡತಿ ನಾಲ್ಕು ದಿನದಿಂದ ಬಾಣಲೆಯ ಮುಂದಿನಿಂದ ಎದ್ದಿಲ್ಲ, ಭೂಮಿ ಉಳಿದೀತು, ಬಿಲ್ಡಿಂಗ್ ಉಳಿಯುವ ಹಾಗೆ ಕಾಣುವುದಿಲ್ಲ ಎಂದರು. ಆ ಸಂಜೆ ಗ್ರೂಪಿನಲ್ಲಿ ಕದನವಿರಾಮ ಘೋಷಣೆಯಾಯಿತು. ಯಾರೂ ಯಾರಿಗೂ ಡಬ್ಬಿ ಕಳಿಸತಕ್ಕದ್ದಲ್ಲ.

ನಮಿತಾ ನಿಟ್ಟುಸಿರು ಬಿಟ್ಟು ಡಬ್ಬಿಗಳನ್ನು ಒರೆಸಿಡುತ್ತಿದ್ದಾಗ ಅತ್ತೆಯ ಫೋನು. ಬಣ್ಣದ ಕೆಲಸ ಮುಗಿಯಿತು, ಆದಿತ್ಯವಾರ ಬರುತ್ತೇನೆ, ಡಬ್ಬಿ ತೆಗೆದಿಡು.

ಅವಳು ಎಣಿಸಿದಳು. ಇಪ್ಪತ್ತೆರಡು. ಇನ್ನೊಮ್ಮೆ ಎಣಿಸಿದಳು. ಇಪ್ಪತ್ತೆರಡೇ. ಬಾರದ ಒಂದು ಯಾವುದೆಂದು ನೋಡಲು ಎಣಿಸಬೇಕಾಗಿಯೇ ಇರಲಿಲ್ಲ.

ಅದು ಮೂರನೆಯ ಮಹಡಿಯ ನಿಶಾಬೆನ್ ಮನೆಗೆ ಹೋಗಿತ್ತು. ನಿಶಾಬೆನ್ ಅದರಲ್ಲಿ ಕಡಲೆಹಿಟ್ಟಿನ ಗರಿಗರಿ ಚೋರಾಫಳಿ ತುಂಬಿ ಮಲಾಡಿನ ನಾದಿನಿಗೆ ಕಳಿಸಿಬಿಟ್ಟಿದ್ದಳು. ಇಷ್ಟು ಚಂದದ ಡಬ್ಬಿಯನ್ನು ಯಾರೂ ವಾಪಸು ಕೇಳಲಾರರು, ಇದು ಉಡುಗೊರೆಯೇ ಇರಬೇಕೆಂದು ಅವಳ ಎಣಿಕೆ. ಅದರ ಮೇಲೆ ಹೆಸರಿತ್ತಲ್ಲ ಎಂದು ನಮಿತಾ ಹಿಂದಿಯಲ್ಲಿ ಕೇಳಿದಳು.

"ನಾಮ್?" ನಿಶಾಬೆನ್ ಕಣ್ಣರಳಿಸಿದಳು. "ವೊ ಗೋಲ್ ಗೋಲ್? ಮೈ ಸಮಝೀ ಫೂಲ್ ಕಾ ಡಿಸೈನ್ ಹೈ." ಕನ್ನಡದ ಉರುಟು ಅಕ್ಷರಗಳು ಅವಳಿಗೆ ಹೂವಿನ ಚಿತ್ತಾರವಾಗಿ ಕಂಡಿದ್ದವು.

ಪೊಟ್ಟಣದ ಮೇಲಿನ ಬರಹ ಅದು ತಲುಪುವವರಿಗೆ ಓದಲು ಬರಬೇಕು. ಆಫೀಸಿಗೆ ಹೊಸದಾಗಿ ಸೇರಿದವರಿಗೆ ನಮಿತಾ ಹೇಳುತ್ತಿದ್ದ ಮೊದಲ ಪಾಠವೇ ಅದು.

ನಾದಿನಿಗೆ ಫೋನು ಹೋಯಿತು. ಆಕೆ ಅದರಲ್ಲಿ ಚಕ್ಕುಲಿಯಂಥ ಚಕರಿ ತುಂಬಿ ಆಫೀಸಿನ ಗೆಳತಿಯೊಬ್ಬಳಿಗೆ ಕೊಟ್ಟಾಗಿತ್ತು. ಗೆಳತಿ ಹಬ್ಬದ ರಜೆಯಲ್ಲಿದ್ದಳು, ಫೋನು ಎತ್ತುತ್ತಿರಲಿಲ್ಲ.

ಆ ರಾತ್ರಿ ನಮಿತಾಳಿಗೆ ನಿದ್ದೆ ಹತ್ತಲಿಲ್ಲ. ಡಬ್ಬಿ ಕೊಟ್ಟ ದಿನ ಅತ್ತೆ ಅದರ ಮುಚ್ಚಳದ ಮೇಲೆ ಸುಮ್ಮನೆ ಒಮ್ಮೆ ಕೈಯಾಡಿಸಿದ್ದು, ಮಲಗಿದ ಮಗುವಿನ ತಲೆ ಸವರುವ ಹಾಗೆ, ಅದೇ ಕಣ್ಣಿಗೆ ಕಟ್ಟುತ್ತಿತ್ತು. ನಿಜ ಹೇಳಿಬಿಡೋಣ ಎಂದು ಮೂರು ಸಲ ಫೋನು ಕೈಗೆತ್ತಿಕೊಂಡಳು. ಮೂರು ಸಲವೂ ಕೆಳಗಿಟ್ಟಳು.

ಶನಿವಾರ ಗಂಡ ಹೆಂಡತಿ ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಗೆ ಹೋಗಿ ಅದೇ ಅಳತೆಯ ಡಬ್ಬಿಯೊಂದನ್ನು ಹುಡುಕಿ ತೆಗೆದರು. ಹೆಸರು ಕೊರೆಯುವವನಿಗೆ ಕನ್ನಡ ಬಾರದು. ನಮಿತಾ ಕಾಗದದಲ್ಲಿ ಬರೆದುಕೊಟ್ಟಳು. ಅವನು ರಂಗೋಲಿ ಬಿಡಿಸುವವನಂತೆ ಉಸಿರು ಬಿಗಿಹಿಡಿದು ಚುಕ್ಕೆ ಇಟ್ಟ. ಮನೆಗೆ ಬಂದು ನೋಡಿದರೆ ಡಬ್ಬಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ನಮಿತಾ ತೆಂಗಿನ ನಾರಿನಲ್ಲಿ ಮರಳು ಹಾಕಿ ಒಂದು ಗಂಟೆ ಉಜ್ಜಿ ಅದಕ್ಕೆ ಮೂವತ್ತೈದು ವರ್ಷ ವಯಸ್ಸು ತರಿಸಿದಳು. ಉಳಿದದ್ದು ಹಳೆಯ ಡಬ್ಬಿಯ ಪಕ್ಕೆಯಲ್ಲಿದ್ದ ತಗ್ಗು.

"ತಗ್ಗು ಎಡಕ್ಕಾ ಬಲಕ್ಕಾ?" ಎಂದು ಕೇಳಿದಳು.

"ಎಡಕ್ಕೆ. ನಂಗೆ ಸರೀ ನೆನಪುಂಟು. ಅಮ್ಮ ನನ್ನ ಮೇಲೆ ಬಿಸಾಡಿದಾಗ ಆದದ್ದು."

"ತಲೆಗೆ ತಾಗಿತಾ?"

"ಗೋಡೆಗೆ. ನಾನು ಬಗ್ಗಿದೆ."

ಸುಹಾಸ ಕುಟ್ಟಾಣಿಯ ಕೋಲು ತಂದು, ಕಣ್ಣು ಮುಚ್ಚಿ, ಎಡಕ್ಕೆ ಒಂದೇಟು ಕೊಟ್ಟ.

ಆದಿತ್ಯವಾರ ಸರಸ್ವತಿಯಮ್ಮ ಬಂದರು. ಹೆಗಲಲ್ಲಿ ಬಟ್ಟೆಯ ಚೀಲ. ಕಾಫಿ ಕುಡಿದರು, ಮಗನ ಹೊಟ್ಟೆ ನೋಡಿದರು, ಹೊಸ ಬಣ್ಣದ ಸುದ್ದಿ ಹೇಳಿದರು. ಆಮೇಲೆ ಕೈ ಚಾಚಿದರು. ನಮಿತಾ ಡಬ್ಬಿ ತಂದುಕೊಟ್ಟಳು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಹೆಸರಿನ ಮೇಲೆ ಬೆರಳಾಡಿಸಿದರು, ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಚಂದ ಇಟ್ಟಿದ್ದೀ" ಎಂದರು.

ನಮಿತಾಳಿಗೆ ಹೋದ ಜೀವ ಬಂದಂತಾಯಿತು. ಆಗ ಅತ್ತೆ ಬಟ್ಟೆಯ ಚೀಲಕ್ಕೆ ಕೈಹಾಕಿ ಇನ್ನೊಂದು ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟರು. ಅದೇ ಅಳತೆ, ಅದೇ ಹೆಸರು. ತಗ್ಗು ಮಾತ್ರ ಬಲಕ್ಕೆ.

ಸುಹಾಸ ಮಠಿಯಾದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಸರಸ್ವತಿಯಮ್ಮ ಅವಸರವಿಲ್ಲದೆ ಕತೆ ಹೇಳಿದರು. ನಾದಿನಿಯ ಆಫೀಸಿನ ಆ ಗೆಳತಿ ಬೇರೆ ಯಾರೂ ಅಲ್ಲ, ಕಲಬುರಗಿ ಕಡೆಯ ನೀಲಾವತಿ. ಸಯನ್ನಿನ ಭಜನಾ ಮಂಡಳಿಗೆ ಬರುವವಳು. ಡಬ್ಬಿಯ ಮೇಲೆ ಕನ್ನಡ ಕಂಡು ಅವಳಿಗೆ ಆಶ್ಚರ್ಯವಾಗಿ, ಇದು ಯಾವ ಸರಸ್ವತಿಯದು ಎಂದು ಮಂಡಳಿಯ ಗ್ರೂಪಿಗೆ ಫೋಟೊ ಹಾಕಿದ್ದಳು. ಮಂಡಳಿಯಲ್ಲಿ ಸರಸ್ವತಿಯರು ಮೂವರು. ತಗ್ಗು ನೋಡಿ ಯಾರದೆಂದು ತೀರ್ಮಾನವಾಯಿತು. ಶುಕ್ರವಾರವೇ ಡಬ್ಬಿ ಸಯನ್ ಸೇರಿತ್ತು.

"ತಪ್ಪಾಯ್ತು ಅತ್ತೆ" ಎಂದಳು ನಮಿತಾ.

ಅತ್ತೆ ಹಳೆಯ ಡಬ್ಬಿಯ ಮುಚ್ಚಳ ತೆಗೆದರು. ಮೇಲೆ ನೀಲಾವತಿಯ ಶೇಂಗಾ ಉಂಡೆ. ಅದರ ಕೆಳಗೆ ನಾದಿನಿಯ ಚಕರಿ. ಅದರ ಕೆಳಗೆ ನಿಶಾಬೆನ್‌ಳ ಚೋರಾಫಳಿ. ಮುಂದಿನವರೂ ರುಚಿ ನೋಡಲಿ ಎಂದು ಯಾರೂ ಹಿಂದಿನವರದನ್ನು ಪೂರ್ತಿ ಖಾಲಿ ಮಾಡಿರಲಿಲ್ಲ. ತಳದಲ್ಲಿ, ಸ್ವಲ್ಪ ಪುಡಿಯಾಗಿ, ನಮಿತಾಳದೇ ಒಂದು ತುಂಡು ಕಾಯಿ ಬರ್ಫಿ.

"ಮೂರು ಮನೆ ತಿರುಗಿ ಬಂತು ನೋಡು" ಎಂದರು ಅತ್ತೆ. "ಗುರ್ತ ಪರಿಚಯ ಇಲ್ಲದವರು ಸಹ ತುಂಬಿಸಿಯೇ ಕಳಿಸಿದ್ರು." ಹೊಸ ಡಬ್ಬಿಯನ್ನು ಎತ್ತಿ ಬೋರಲು ಹಿಡಿದರು. ಒಂದು ಕಾಳು ಮರಳು ಉದುರಿ ನೆಲಕ್ಕೆ ಬಿತ್ತು. "ಖಾಲಿ ಕೊಟ್ಟದ್ದು ನೀನೊಬ್ಬಳೇ."

ನಮಿತಾ ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ತೊಳೆದು ಒರೆಸಿ, ಘೂಘ್ರಾ, ಶಂಕರಪಾಳಿ, ಚಿವಡಾ, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ಒತ್ತಿ ತುಂಬಿ, ಮುಚ್ಚಳವನ್ನು ಮೊಣಕೈಯಲ್ಲಿ ಅದುಮಿ ತಂದುಕೊಟ್ಟಳು. ಅತ್ತೆ ಎರಡೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ ನಕ್ಕರು.

"ಆಯ್ತು. ಈ ಹೊಸದನ್ನು ಬರುವ ಆದಿತ್ಯವಾರ ನಾನು ತುಂಬಿಸಿ ತರ್ತೇನೆ. ಆದೀತಲ್ಲ ಮಗಾ?"

ಸುಹಾಸನ ಬಾಯಿ ತುಂಬ ಮಠಿಯಾ ಇತ್ತು. ಏನು ತಾನೇ ಹೇಳಿಯಾನು? ಸುಮ್ಮನೆ ತಲೆಯಾಡಿಸಿದ.