ಕಟ್ಟೆಗೆ ಹೊರಟ ಸವಾರಿ

"ತುಮಕೂರು ಜಿಲ್ಲೆಯಲ್ಲಿ ನನಗೆ ಗೊತ್ತಿಲ್ಲದ ದಾರಿಯನ್ನು ಸರ್ಕಾರ ಇನ್ನೂ ಹಾಕಿಸಿಲ್ಲ!" ಎಂದು ನಾನು ಘೋಷಿಸಿದ್ದು ದಸರಾ ಮುಗಿದು, ಕೊನೆಯ ನೆಂಟರ ಟ್ರಂಕು ಜಟಕಾ ಹತ್ತಿದ ಮರುದಿನ. ಊರೂರು ಸುತ್ತಿ ಪತ್ರಿಕೆಗೆ ಬರೆಯುವವನು ನಾನು. ಇಷ್ಟು ಜಂಬ ಕಸುಬಿಗೆ ಸಹಜ.

ನನ್ನ ಹೆಂಡತಿ ಹೊಂಬಾಳೆ ಹಬ್ಬದುದ್ದಕ್ಕೂ ಬೇಯಿಸಿ, ಬಂದವರಿಗೆಲ್ಲ ಬಡಿಸಿ, ಕಡೆಗೆ ಸೌಟು ಕೆಳಗಿಟ್ಟು ಒಂದೇ ವರ ಕೇಳಿದ್ದಳು. "ರೀ, ಒಂದು ದಿನ ನಾನು ಯಾರಿಗೂ ಬಡಿಸಬಾರದು. ಯಾರ ಮುಖವೂ ಕಾಣಬಾರದು. ನೀರಲ್ಲಿ ಕಾಲು ಇಳಿಬಿಟ್ಕೊಂಡು ಸುಮ್ನೆ ಕೂತ್ಕೋಬೇಕು."

"ಅಷ್ಟೇ ತಾನೆ? ನಿಟ್ಟೂರಿನ ಹತ್ರ ಮರಗಳ ಮಧ್ಯೆ ಒಂದು ಕಟ್ಟೆ ಇದೆಯಂತೆ. ನಮ್ಮ ಆಫೀಸಿನ ಶಿವರಾಮಯ್ಯ ಹೇಳಿದ. ನರಪಿಳ್ಳೆ ಸುಳಿಯಲ್ವಂತೆ. ಬುತ್ತಿ ಕಟ್ಟೇ, ಕಟ್ಟೆಗೆ ಹೋಗೋಣ!"

ನನ್ನ ಶ್ಲೇಷೆಗೆ ಅವಳು ನಗಲಿಲ್ಲ. ಬುತ್ತಿ ಮಾತ್ರ ಕಟ್ಟಿದಳು, ಹಬ್ಬದ ಅಳತೆ ಕೈಬಿಡದೆ ಹತ್ತಾಳಿಗಾಗುವಷ್ಟು.

ಭಾನುವಾರ ನಿಟ್ಟೂರಿನಲ್ಲಿ ಬಸ್ಸಿಳಿದೆವು. ಹೊಲಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು. ಬಿಸಿಲಿನ ಸಿಟ್ಟು ಇಳಿದಿತ್ತು. ರಸ್ತೆಬದಿಯ ಸೈಕಲ್ ಶಾಪಿನಲ್ಲಿ ಕರೀಂ ಸಾಬರು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದರು.

"ಸಾಬ್ರೇ, ಇಲ್ಲಿ ಕಟ್ಟೆ ಎಲ್ಲಿದೆ?"

"ಯಾವ ಕಟ್ಟೆ ಸ್ವಾಮಿ?"

"ನೀರಿರೋದು ಅನ್ರೀ," ಹೊಂಬಾಳೆ ಮೆಲ್ಲಗೆ ತಿವಿದಳು.

"ಕಟ್ಟೆ ಅಂದ್ಮೇಲೆ ನೀರು ಇದ್ದೇ ಇರುತ್ತೆ ಕಣೇ. ಪ್ರಶ್ನೆ ಚಿಕ್ಕದಾಗಿರ್ಬೇಕು" ಎಂದು ಅವಳಿಗೆ ಪಾಠ ಹೇಳಿ ಸಾಬರ ಕಡೆ ತಿರುಗಿದೆ. "ಮರದ ನೆರಳಲ್ಲಿ, ತಣ್ಣಗೆ, ಆರಾಮಾಗಿ ಕೂರೋಕೆ ಚೆನ್ನಾಗಿರೋದು."

"ಓ, ಅದಾ! ಆ ಗುಡ್ಡದ ಪಕ್ಕ ಕಾಲುದಾರಿ ಹಿಡೀರಿ. ಅಲ್ಲಿ ಒಂದ್ಸಲ ಕೂತ್ರೆ ಏಳೋಕೇ ಮನಸ್ಸು ಬರಲ್ಲ!"

ನಾನು ಹೆಂಡತಿಯ ಕಡೆ ದಿಗ್ವಿಜಯದ ನೋಟ ಬೀರಿ ಮುಂದೆ ನಡೆದೆ.

ನನ್ನ ಬೆಲ್‌ಬಾಟಮ್ ಪ್ಯಾಂಟಿನ ಅಂಚನ್ನು ಜಾಲಿ ಮುಳ್ಳುಗಳು ಪಾಲು ಮಾಡಿಕೊಂಡವು. ಗುಡ್ಡ ಬಳಸಿ ಬಂದರೆ ಎದುರಿಗೊಂದು ಭವ್ಯ ಅರಳಿಮರ. ಬುಡದ ಸುತ್ತ ಕಲ್ಲಿನ ಜಗಲಿ. ಅದರ ಮೇಲೆ ಊರ ಹಿರಿಯರ ಪೂರ್ಣ ಪೀಠ! ಕಟ್ಟೆಯೇನೋ ಕಟ್ಟೆಯೇ: ಅರಳಿಕಟ್ಟೆ. ನೀರೆಂದರೆ ನನ್ನ ಹಣೆಯ ಮೇಲಿದ್ದದ್ದು ಮಾತ್ರ.

"ರೀ, ಕಾಲು ಎಲ್ಲಿ ಇಳಿಬಿಡ್ಲಿ?" ಎಂದಳು ಹೊಂಬಾಳೆ.

ಅಂದು ಅಲ್ಲಿ ಒಂದು ಗಂಡ-ಹೆಂಡಿರ ಜಗಳದ ಪಂಚಾಯ್ತಿ ಇತ್ತಂತೆ. ಆ ದಂಪತಿ ಬೆಳಿಗ್ಗೆಯೇ ರಾಜಿಯಾಗಿ, ಜೋಡಿಯಾಗಿ ಗುಬ್ಬಿಗೆ ಸಿನಿಮಾಕ್ಕೆ ಹೋಗಿಬಿಟ್ಟಿದ್ದರಿಂದ ಹಿರಿಯರು ನ್ಯಾಯಕ್ಕೆ ಹಸಿದು ಕುಳಿತಿದ್ದರು. ಎಲ್ಲರಿಗಿಂತ ಹಿರಿಯರಾದ ಸಿದ್ದಯ್ಯ, ಹೊಂಬಾಳೆಯ ಮುಖ ನೋಡಿದ್ದೇ ಚುರುಕಾದರು.

"ಯಾಕವ್ವ, ಮಕ ಹಿಂಗೈತೆ? ಏನ್ ನ್ಯಾಯ ನಿಂದು? ಅಂಜಬ್ಯಾಡ, ಯೋಳು."

ಅವಳು ಅಂಜಲಿಲ್ಲ. ದಸರಾದ ಸೌಟಿನಿಂದ ಜಾಲಿಯ ಮುಳ್ಳಿನವರೆಗೆ ಒಂದೂ ಬಿಡದೆ ಹೇಳಿದಳು.

"ಕಟ್ಟೆಗೆ ಅಂದಿದ್ದೆ, ಕಟ್ಟೆಗೇ ಬಂದಿದೀವಿ" ಎಂದು ನಾನು ವಾದ ಮಂಡಿಸಿದೆ.

"ಬಾಯಾರ್ದಾಗ ಈ ಕಲ್ಲ ಕುಡಿಯಕ್ಕಾಯ್ತದಾ ಸ್ವಾಮಿ?" ಎಂದರು ಪಕ್ಕದ ನರಸಯ್ಯ. ಇಡೀ ಪೀಠ ನಕ್ಕಿತು. ನನ್ನ ವಾದ ಅಲ್ಲಿಗೆ ವಜಾ!

ಸಿದ್ದಯ್ಯ ಕೆಮ್ಮಿ ತೀರ್ಪು ಕೊಟ್ಟರು. "ನೀರಿನ ಕಟ್ಟೆ ಇರೋದು ನೀವು ಬಸ್ಸಿಳಿದ್ರಲ್ಲ, ಅದ್ರ ಹಿಂದ್ಗಡೆ ಹೊಂಗೆ ಕಾಡಿನಾಗೆ. ನಮ್ಮ ಮನೆಯೋಳು ಕೊಲ್ಲಾಪುರಮ್ಮ ಬುಟ್ಟು ಬತ್ತಾಳೆ. ಹೋಗವ್ವ, ಹೊತ್ತು ಇಳಿಯೋಗಂಟ ಒಬ್ಳೇ ಕುಂತಿರು. ಈ ಯಪ್ಪ ಇಲ್ಲೇ ಇರ್ಲಿ. ಸೋತೋನು ಪಂಚಾಯ್ತಿಗೆ ಊಟ ಹಾಕ್ಬೇಕು. ಅದು ಈ ಕಟ್ಟೆ ಕಟ್ಟಳೆ."

ಹೊಂಬಾಳೆ ತನ್ನ ಪಾಲಿನ ಪುಳಿಯೋಗರೆ, ಕೋಡುಬಳೆ ಬೇರೆ ತೆಗೆದುಕೊಂಡು, ಟಿಫನ್ ಕ್ಯಾರಿಯರ್ ನನ್ನ ಕೈಗಿಟ್ಟು ಹೊರಟೇಬಿಟ್ಟಳು. ತಿರುಗಿಯೂ ನೋಡಲಿಲ್ಲ.

ನಾನು ಮುತ್ತುಗದ ಎಲೆ ಹಾಕಿ ಬಡಿಸಿದೆ. "ಉಪ್ಪು ಒಂದು ಕಲ್ಲು ಮುಂದಾಯ್ತು" ಎಂದರು ಸಿದ್ದಯ್ಯ. "ಹಿಂಗಾ ಬಡ್ಸೋದು? ಸೊಂಟ ಬಗ್ಸಿ ಸ್ವಾಮಿ!" ಎಂದರು ನರಸಯ್ಯ. ಪಂಚಾಯ್ತಿ ಊಟವೆಂಬ ಸುದ್ದಿ ಹಬ್ಬಿ, ಮೇಕೆ ಮೇಯಿಸುತ್ತಿದ್ದವರೂ, ಜಗಳವೇ ಆಡದ ಗಂಡ-ಹೆಂಡಿರೂ ಬಂದು ಸಾಲಿಗೆ ಕೂತರು. ಕರೀಂ ಸಾಬರೂ ಸೈಕಲ್ಲೇರಿ ಬಂದರು. "ನಾನು ಹೇಳ್ಲಿಲ್ವಾ ಸ್ವಾಮಿ, ಇಲ್ಲಿ ಕೂತ್ರೆ ಏಳೋಕೇ ಮನಸ್ಸು ಬರಲ್ಲ ಅಂತ!"

ಕೂತಿದ್ದರೆ ತಾನೆ ಏಳುವುದು? ನಾನು ನಿಂತೇ ಇದ್ದೆ. ನನ್ನ ಪಾಲಿಗೆ ಕಡೆಗೆ ಉಳಿದದ್ದು ಒಗ್ಗರಣೆಯ ಒಣಮೆಣಸಿನಕಾಯಿ.

ಸಂಜೆ ಬಸ್ಸು ನಿಲ್ಲುವಲ್ಲಿ ಹೊಂಬಾಳೆ ಸಿಕ್ಕಳು. ಸೀರೆಯ ಅಂಚು ಒದ್ದೆಯಾಗಿತ್ತು. ಮುಖದಲ್ಲಿ ಹಬ್ಬದ ದಣಿವಿನ ಸುಳಿವೇ ಇರಲಿಲ್ಲ.

"ಹೇಗಿತ್ತೇ?" ಎಂದೆ, ಖಾಲಿ ಕ್ಯಾರಿಯರನ್ನು ಬೆನ್ನ ಹಿಂದೆ ಹಿಡಿದು.

"ತುಂಬಾ ನೆಮ್ಮದಿಯಾಗಿತ್ತು ರೀ." ಬಸ್ಸಿನ ಮೆಟ್ಟಿಲು ಹತ್ತುತ್ತಾ ನನ್ನ ಕಡೆ ತಿರುಗಿದಳು. "ಮುಂದಿನ ಭಾನುವಾರನೂ ಬರೋಣ. ನಾನು ಕಟ್ಟೆಗೆ ಹೋಗ್ತೀನಿ. ನೀವು ಕಟ್ಟೆಗೆ ಹೋಗಿ."